ಬಂಡೆಪ್ಪನ ಗುಡಿಯ ಹಿತ್ತಲು

ಐಹೊಳೆಯ ಬಂಡೆಪ್ಪನ ಗುಡಿಯ ಮುಂದೆ ಒಂದು ನೀಲಿ ಹಲಗೆ ಇದೆ. ಈ ಗುಡಿಯ ಕಲ್ಲಿಗೆ ಕೈ ಹಚ್ಚಿದವರಿಗೆ ಜೈಲು, ಮೇಲೆ ದಂಡ ಎಂದು ಮೂರು ಭಾಷೆಗಳಲ್ಲಿ ಬರೆದಿದ್ದಾರೆ. ಬಂಡೆಪ್ಪ ಯಾರೆಂದು ಮಾತ್ರ ಒಂದು ಭಾಷೆಯಲ್ಲೂ ಬರೆದಿಲ್ಲ.

ಗೈಡ್ ಅಂದಾನಪ್ಪನನ್ನು ಕೇಳಿದರೆ, "ಚಾಲುಕ್ಯರ ದಂಡನಾಯಕ್ರಿ, ಭಾಳ ಶೂರ" ಎನ್ನುತ್ತಾನೆ. ಬಂದವರು ಧಾರವಾಡದ ಕಡೆಯವರಾದರೆ ದಂಡನಾಯಕ, ಬೆಂಗಳೂರಿನವರಾದರೆ ಸಾಮಂತ, ಬಿಳಿಯರಾದರೆ ರಾಜ. ಅವನ ಹೊಟ್ಟೆಪಾಡು ಅದು, ಬೈಯುವಂತಿಲ್ಲ. ಪ್ರವಾಸಿಗರು ಹೌದೇ ಎಂದು ಕತ್ತೆತ್ತಿ ಕಂಬ ನೋಡುತ್ತಾರೆ. ಇಂಥವರ ಕಾಲಬುಡದಲ್ಲಿ ಏಳು ವರ್ಷ ಕುಕ್ಕರಗಾಲಲ್ಲಿ ಕೂತು ಹುಲ್ಲು ಕಿತ್ತ ಹೆಂಗಸು ಆ ಬಂಡೆಪ್ಪನ ಮೊಮ್ಮಗನ ಹೆಂಡತಿ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಆಕೆಯ ಹೆಸರು ಹುಚ್ಚವ್ವ.

ಬಂಡೆಪ್ಪ ರಾಜನಲ್ಲ, ಕುರಿ ಕಾಯುವವ. ಕುರಿಗಾರರ ದೇವರಾದ ಬೀರಪ್ಪನ ಒಕ್ಕಲು. ಬಾವಲಿಗಳು ಜೋತುಬಿದ್ದ ಹಾಳುಗುಡಿಯನ್ನು ಗುಡಿಸಿ, ಒಳಗೆ ಕುರಿ ಕೂಡಿಸಿ, ಹಿಂಗೋಡೆಗೆ ಹಚ್ಚಿ ಎರಡಂಕಣದ ಮಣ್ಣಿನ ಮನೆ ಹಾಕಿದ. ಗುಡಿ ಸೋರಿದರೆ ಏರಿ ಮಣ್ಣು ಮೆತ್ತಿದ. ಗೋಡೆಯಲ್ಲಿ ಆಲದ ಸಸಿ ಎದ್ದರೆ ಬೇರು ಸಮೇತ ಕಿತ್ತ. ಊರವರು ಬಂಡೆಪ್ಪನ ಗುಡಿ ಎಂದರು. ಮುಂದೆ ಎಂದೋ ಬಂದ ಸಾಹೇಬನೊಬ್ಬ ಊರವರು ಹೇಳಿದ ಹೆಸರನ್ನೇ ಬರೆದುಕೊಂಡು ಹೋದ. ಹೀಗೆ ಹೆಸರನ್ನು ಉಳಿಸಿಕೊಂಡರು, ಮನೆತನವನ್ನು ಹೊರಗೆ ಹಾಕಿದರು.

ಹುಚ್ಚವ್ವ ಆ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಹದಿನಾರು. ಗಂಡ ಅಮಸಿದ್ದಪ್ಪ ಮಾತು ಕಡಿಮೆಯ ಮನುಷ್ಯ. ಕುರಿಗಳ ಜೊತೆ ಆಡುವಷ್ಟು ಮಾತನ್ನು ಹೆಂಡತಿಯ ಜೊತೆ ಆಡಿದವನಲ್ಲ. ಮೂರು ವರ್ಷಕ್ಕೆ ಹೆಣ್ಣುಕೂಸು ಹುಟ್ಟಿತು. ಸುರೇಖಾ ಎಂದು ಹೆಸರಿಟ್ಟರು. ಆ ಕೇರಿಯಲ್ಲಿ ಅಂಥ ಹೆಸರು ಇಟ್ಟವರೇ ಇರಲಿಲ್ಲ. ಅತ್ತೆ ನಾಲಿಗೆ ತಿರುಗದೆ "ಸುರ್ಯಾಕಿ" ಎನ್ನುತ್ತಿದ್ದಳು. ಐದು ತಿಂಗಳ ಕೂಸು ಮೂರು ದಿನದ ಜ್ವರಕ್ಕೆ ಹೋಯಿತು.

ಹಲ್ಲು ಬರದ ಕೂಸನ್ನು ಆ ಮನೆತನದವರು ಊರ ಹೊರಗಿನ ಮಣ್ಣಿಗೆ ಒಯ್ಯುವುದಿಲ್ಲ. ಅಷ್ಟು ದೂರ ಒಂಟಿಯಾಗಿ ಹೇಗೆ ಇದ್ದೀತು? ಮನೆಯ ಹಿತ್ತಲಲ್ಲೇ, ತಾಯಿ ಎದ್ದು ಕೂತರೆ ಕಾಣುವಷ್ಟು ದೂರದಲ್ಲಿ ಹೂಳುತ್ತಾರೆ. ಅದಕ್ಕೆ ಸೂತಕವಿಲ್ಲ, ದಿನವಿಲ್ಲ, ಕಲ್ಲು ನೆಡುವುದಿಲ್ಲ. ಹೆಸರನ್ನು ಮತ್ತೆ ಬಾಯಲ್ಲಿ ಎತ್ತುವುದಿಲ್ಲ. ಎತ್ತಿದರೆ ಹೊರಟ ಕೂಸು ತಿರುಗಿ ನೋಡುತ್ತದೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎಂದು ಅತ್ತೆ ಹೇಳಿದ್ದಳು. ಬಚ್ಚಲಗಲ್ಲಿನಿಂದ ಏಳು ಮೊಳ ಆಚೆ ಅಮಸಿದ್ದಪ್ಪನೇ ಕುಣಿ ತೆಗೆದ. ಹುಚ್ಚವ್ವ ತಾನೇ ಮಲಗಿಸಿದಳು. ಅವಳು ಹೆಸರು ಎತ್ತಲಿಲ್ಲ. ಆದರೂ ಮುಂದಿನ ಬಸಿರು ನಿಲ್ಲಲಿಲ್ಲ, ಅದರ ಮುಂದಿನದೂ ನಿಲ್ಲಲಿಲ್ಲ. ಅವಳಿಗೆ ಇದ್ದವಳು ಹಿತ್ತಲಲ್ಲಿ ಮಲಗಿದವಳು ಒಬ್ಬಳೇ.

ತೊಂಬತ್ತೇಳರಲ್ಲಿ ಅಳತೆಯವರು ಬಂದರು. ಗುಡಿಗಳಿಗೆ ಹತ್ತಿದ ಮನೆಗಳನ್ನೆಲ್ಲ ತೆಗೆಯಬೇಕು, ಪರದೇಶದ ಮಂದಿ ನೋಡಲು ಬರುತ್ತಾರೆ, ನಿಮಗೆ ಮೈಲಿ ಆಚೆ ಪ್ಲಾಟು ಕೊಡುತ್ತೇವೆ ಎಂದರು. ಮನೆಮನೆಗೆ ಹೋಗಿ ಏನೇನು ಇದೆ ಎಂದು ಬರೆದುಕೊಂಡರು. ಪಕ್ಕದ ಮನೆಯ ಮುರ್ತುಜಸಾಬ ತನ್ನ ಹಿತ್ತಲಲ್ಲಿ ತಂದೆಯ ಗೋರಿ ಇದೆ ಎಂದು ಬರೆಸಿದ. ಅಮಸಿದ್ದಪ್ಪನ ಸರದಿ ಬಂತು.

"ಹಿತ್ತಲಾಗ ಏನೇನ ಐತಪಾ? ಗಿಡ, ಬಾವಿ, ಗೋರಿ, ಗದ್ದಿಗಿ?"

"ಒಂದ ಬೇವಿನ ಗಿಡ ಐತ್ರಿ. ಬಚ್ಚಲಗಲ್ಲ ಐತ್ರಿ."

"ಮತ್ತೇನೂ ಇಲ್ಲಲಾ?"

ಹುಚ್ಚವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ಗಂಡ ಒಮ್ಮೆ ಅವಳ ಕಡೆ ನೋಡಿದ. ಹಾಲುಗೂಸನ್ನು ಸತ್ತವರ ಲೆಕ್ಕಕ್ಕೆ ತಂದವರು ಅವರ ಮನೆತನದಲ್ಲಿ ಯಾರೂ ಇರಲಿಲ್ಲ. ಪರರ ಮುಂದೆ ಹೆಸರೆತ್ತುವುದು ಹೇಗೆ? ಅವಳೂ ಸುಮ್ಮನಿದ್ದಳು.

"ಏನೂ ಇಲ್ರಿ" ಎಂದ ಅಮಸಿದ್ದಪ್ಪ.

ಮರುವರ್ಷ ಬುಲ್ಡೋಜರ್ ಬಂತು. ಮೂರು ತಲೆಮಾರು ಬಾಳಿದ ಮನೆ ಬೀಳಲು ಚಹಾ ಕುಡಿಯುವಷ್ಟು ಹೊತ್ತು ಸಾಕಾಯಿತು. ಮುರ್ತುಜಸಾಬನ ತಂದೆಯ ಗೋರಿ ಕಾಗದದಲ್ಲಿ ಇತ್ತು, ಅದನ್ನು ಮುಟ್ಟಲಿಲ್ಲ, ಸುತ್ತ ನಾಲ್ಕು ಕಲ್ಲು ಬಿಟ್ಟರು. ಹುಚ್ಚವ್ವನ ಹಿತ್ತಲ ಮೇಲೆ ಕೆಂಪು ಮಣ್ಣು ಸುರಿದು ಹುಲ್ಲು ಹಾಸಿದರು. ಸುತ್ತ ಕಬ್ಬಿಣದ ಬೇಲಿ ಬಂತು, ಬೇಲಿಗೆ ಗೇಟು ಬಂತು, ಗೇಟಿಗೆ ಟಿಕೇಟು ಬಂತು.

ಮೊದಲ ವರ್ಷ ಅವಳು ಕೂಸು ಹೋದ ದಿನ, ಎಳ್ಳಮಾಸೆಯ ಮುಂದಿನ ಶನಿವಾರ, ಬಟ್ಟಲು ಹಾಲು ತಂದು ಗೇಟಿನಲ್ಲಿ ನಿಂತಳು. ಗೇಟಿನವನು ಟಿಕೇಟು ಕೇಳಿದ. "ನಮ್ಮ ಹಿತ್ತಲರಿ ಇದು" ಎಂದಳು. ಅವನು ನಕ್ಕ. ಒಳಗೆ ತಿನ್ನುವ ಕುಡಿಯುವ ಪದಾರ್ಥ ಒಯ್ಯುವಂತಿಲ್ಲ ಎಂದ. ಅವಳು ಬೇಲಿಯ ಹೊರಗೆ ನಿಂತು ಹೊತ್ತು ಮುಳುಗುವ ತನಕ ನೋಡಿ, ಹಾಲನ್ನು ಬೇಲಿಯ ಬುಡಕ್ಕೆ ಸುರಿದು ಹೋದಳು. ವಾರದೊಳಗೆ ಹುಲ್ಲು ಕೀಳುವ ಕೂಲಿಗೆ ಹೆಸರು ಹಚ್ಚಿದಳು. ಹೊಟ್ಟೆಗೆ ಬೇರೆ ಕೂಲಿಯೂ ಇತ್ತು. ಅವಳಿಗೆ ಬೇಕಾದದ್ದು ಒಳಗೆ ಹೋಗುವ ದಾರಿ.

ಏಳು ವರ್ಷ ಅವಳು ಅಲ್ಲಿ ಕೂತಳು. ಮುಂಜಾನೆ ಎಂಟರಿಂದ ಸಂಜೆ ಐದರ ತನಕ ಕುಕ್ಕರಗಾಲಲ್ಲೇ ಸರಿಯುವುದು. ಕುರ್ಪಿಯಿಂದ ಬೇರು ಎಬ್ಬಿಸುವುದು, ಬುಟ್ಟಿ ತುಂಬುವುದು, ತಲೆಯ ಮೇಲೆ ಹೊತ್ತು ಆಚೆ ಚೆಲ್ಲುವುದು. ಮಂಡಿ ಬಾತುಕೊಂಡು ಮೇಲೇಳಲು ಎರಡೂ ಕೈ ಊರಬೇಕಾಗುತ್ತಿತ್ತು. ಬೇಸಿಗೆಯಲ್ಲಿ ಕಲ್ಲಿನ ಕಾವಿಗೆ ಅಂಗಾಲು ಬೊಕ್ಕೆ ಏಳುತ್ತಿತ್ತು. ಕ್ಯಾಮೆರಾ ಹಿಡಿದವರು ಬಂದರೆ ಮೇಸ್ತ್ರಿ ಕೂಗುತ್ತಿದ್ದ: "ಏ, ಸರೀರಿ ಆಕಡೆ, ಫೋಟೋದಾಗ ಬರಬ್ಯಾಡ್ರಿ." ಹೆಂಗಸರು ಬುಟ್ಟಿ ಎತ್ತಿಕೊಂಡು ಕಂಬದ ಹಿಂದೆ ಅಡಗುತ್ತಿದ್ದರು. ಅವರು ಆರಿಸಿ ಹಸನು ಮಾಡಿದ ಜಾಗದಲ್ಲಿ ಅವರಷ್ಟೇ ಹೊಲಸು ಕಾಣುತ್ತಿದ್ದರು.

ಹುಚ್ಚವ್ವ ದಿನಕ್ಕೊಮ್ಮೆ ಗುಡಿಯ ಹಿಂದೆ ಹೋಗುತ್ತಿದ್ದಳು. ಬಚ್ಚಲಗಲ್ಲು ಹೋದರೂ ಗುಡಿಯ ಮೂಲೆ ಎಲ್ಲಿಗೆ ಹೋದೀತು? ಮೂಲೆಯಿಂದ ಹನ್ನೊಂದು ಮೊಳ. ಅಲ್ಲಿ ಹುಲ್ಲು ಕೀಳುವಾಗ ಕುರ್ಪಿ ಹಾಕುತ್ತಿರಲಿಲ್ಲ, ಬೆರಳಿನಿಂದ ಕೀಳುತ್ತಿದ್ದಳು. ಜೊತೆಗೆ ಕೆಲಸ ಮಾಡುವ ಮೌಲಾಬಿ, ಮುರ್ತುಜಸಾಬನ ಹೆಂಡತಿ, ಅದನ್ನು ನೋಡಿಯೂ ಕೇಳುತ್ತಿರಲಿಲ್ಲ. ಕೂಸನ್ನು ಹೂತ ದಿನ ಅವಳೇ ನೀರು ಕಾಸಿ ಕೊಟ್ಟಿದ್ದಳು.

ಎರಡು ಸಾವಿರದ ಐದರ ಚಳಿಗಾಲದಲ್ಲಿ ಗುಲ್ಲು ಎದ್ದಿತು. ದಿಲ್ಲಿಯಿಂದ ದೊಡ್ಡವರೊಬ್ಬರು ಗುಡಿ ನೋಡಲು ಬರುತ್ತಾರಂತೆ, ಅಷ್ಟರೊಳಗೆ ಹುಲ್ಲು ಹಸಿರಾಗಬೇಕಂತೆ, ನೀರು ಚಿಮ್ಮುವ ಪೈಪು ಹಾಕಿಸುತ್ತಾರಂತೆ. ಒಂದು ದಿನ ಮುಂಜಾನೆ ಹೋಗಿ ನೋಡಿದರೆ ಗುಡಿಯ ಹಿಂದೆ ಸುಣ್ಣದ ಗೆರೆ ಎಳೆದಿದ್ದಾರೆ. ಗೆರೆ ಸರಿಯಾಗಿ ಅವಳ ಕೂಸಿನ ಮೇಲೆ ಹಾದಿತ್ತು.

ಹುಚ್ಚವ್ವ ಬುಟ್ಟಿಯನ್ನು ಅಲ್ಲೇ ಬಿಟ್ಟಳು. ಮೇಸ್ತ್ರಿ ಖಾಸಿಂಸಾಬನ ಹತ್ತಿರ ಓಡಿದಳು.

"ಅಣ್ಣಾ, ಈ ಗೆರಿ ಎರಡ ಮಾರ ಆಚಿಗೆ ಸರಸ್ರಿ."

"ಯಾಕಬೇ? ಗೆರಿ ನಾ ಹೊಡದದ್ದಲ್ಲ, ಸಾಹೇಬ್ರು ಹೊಡಸ್ಯಾರ."

ಅವಳು ಹೇಳಿದಳು. ಹದಿನಾರು ವರ್ಷ ಬಾಯಲ್ಲಿ ಎತ್ತದ ಹೆಸರನ್ನು ಎತ್ತಿ ಹೇಳಿದಳು. ಖಾಸಿಂಸಾಬ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನನ್ನ ಕೈಯಾಗೇನಿಲ್ಲ ತಂಗಿ. ಗಂಡನ್ನ ಕರಕೊಂಡು ಸಾಹೇಬ್ರ ಕಡೆ ಹೋಗು" ಎಂದ.

ಅಮಸಿದ್ದಪ್ಪ ಬರಲು ಒಲ್ಲೆ ಎಂದ. ಹುಚ್ಚವ್ವ ಅವನ ಕೈಯಲ್ಲಿನ ಕೋಲು ಕಸಿದು ಎಸೆದಳು.

"ಅವತ್ತ ನೀ ಏನೂ ಇಲ್ಲಂದಿ. ನಾನೂ ಬಾಯಿ ಮುಚಗೊಂಡ ನಿಂತೆ. ಇಬ್ಬರೂ ಕೂಡಿ ಆಕಿನ್ನ ಎರಡನೇ ಸಲ ಹುಗದೇವಿ. ಇವತ್ತ ನಡಿ."

ಅವನು ನಡೆದ. ಟಿಕೇಟು ಮನೆಯ ಪಕ್ಕದ ಕೋಣೆಯಲ್ಲಿ ಸಾಹೇಬರು ನಕ್ಷೆ ಹರಡಿಕೊಂಡು ಕೂತಿದ್ದರು. ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. ಕುರ್ಚಿ ಇತ್ತು, ಕೂತುಕೊಳ್ಳಿ ಎನ್ನಲಿಲ್ಲ. ಅಮಸಿದ್ದಪ್ಪ ಬಾಗಿಲಲ್ಲೇ ಕೈಮುಗಿದು ನಿಂತ.

"ಹಿತ್ತಲಾಗ ನಮ್ಮ ಮಗಳ ಅದಾಳ್ರಿ, ಸಾಹೇಬ್ರ."

ಸಾಹೇಬರಿಗೆ ತಿಳಿಯಲಿಲ್ಲ. ಹುಚ್ಚವ್ವ ಬಿಡಿಸಿ ಹೇಳಿದಳು. ಅವರು ಪಾಪ ಎನ್ನುವಂತೆ ಮುಖ ಮಾಡಿದರು. ಗುಮಾಸ್ತ ಹಳೆಯ ಕಡತ ತಂದ. ಸಾಹೇಬರು ಬೆರಳಿಟ್ಟು ಓದಿದರು.

"ನೋಡಮ್ಮ, ಬೇವಿನ ಮರ ಒಂದು, ಬಚ್ಚಲು ಕಲ್ಲು ಒಂದು. ಬೇರೆ ಏನೂ ಇಲ್ಲ ಅಂತ ನಿಮ್ಮ ಯಜಮಾನರೇ ಹೇಳಿದ್ದಾರಲ್ಲ. ಆಗಲೇ ಹೇಳಬೇಕಿತ್ತು."

"ಆವಾಗ ಹೇಳಲಿಲ್ರಿ. ತಪ್ಪಾತ್ರಿ. ಈಗ ಹೇಳಾಕತ್ತೇವಿ. ಎರಡ ಮಾರ ಸರಸ್ರಿ ಸಾಕು."

"ನಕ್ಷೆ ಮಂಜೂರಾಗಿದೆ. ಒಬ್ಬೊಬ್ಬರ ಮಾತಿಗೆ ಪೈಪು ತಿರುಗಿಸುತ್ತ ಹೋದರೆ ಕೆಲಸ ಮುಗಿಯೋದಿಲ್ಲ. ಹದಿನಾರು ವರ್ಷ ಆಗಿದೆ ಅಂತೀಯ. ಅಲ್ಲಿ ಈಗ ಏನಿರುತ್ತೆ? ಮಣ್ಣಿಗೆ ಮಣ್ಣು."

"ಒಂದೂವರಿ ಸಾವಿರ ವರ್ಷದ ಕಲ್ಲಿಗೆ ಇಷ್ಟ ಕಾವಲ ಹಾಕೀರಿ" ಎಂದಳು ಹುಚ್ಚವ್ವ. "ಹದಿನಾರ ವರ್ಷದ ಕೂಸಿಗೆ ಎರಡ ಮಾರ ಜಾಗಾ ಇಲ್ಲೇನ್ರಿ?"

ಸಾಹೇಬರು ನಕ್ಷೆ ಮಡಿಚಿದರು. ಮಾತು ಮುಗಿಯಿತು ಎಂದು ಅದರ ಅರ್ಥ.

ಮರುದಿನ ಗಂಡಾಳುಗಳು ಸುಣ್ಣದ ಗೆರೆಯ ಆ ತುದಿಯಿಂದ ಅಗೆಯತೊಡಗಿದರು. ಹುಚ್ಚವ್ವ ಈ ತುದಿಯಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ಗುದ್ದಲಿ ಒಂದೊಂದು ಮಾರು ಹತ್ತಿರ ಬಂದಂತೆ ಅವಳು ಉಳಿದ ಮೊಳ ಎಣಿಸುತ್ತಿದ್ದಳು. ಕೂಸಿನ ಜಾಗಕ್ಕೆ ಇನ್ನು ಮೂರು ಮೊಳ ಇರುವಾಗ ಠಣ್ ಎಂದಿತು. ಗುದ್ದಲಿಗೆ ಕಲ್ಲು ಹತ್ತಿತ್ತು. ಮಣ್ಣು ಸರಿಸಿದರೆ ಒಂದು ಕೆತ್ತನೆಯ ತುಂಡು. ಯಾವುದೋ ದೇವಿಯ ಸೊಂಟದ ಭಾಗ. ತಲೆಯಿಲ್ಲ, ಕಾಲಿಲ್ಲ.

ನಿಮಿಷದಲ್ಲಿ ಕೆಲಸ ನಿಂತಿತು. ಸಾಹೇಬರು ಬೂಟು ಹಾಕಿಕೊಳ್ಳದೆ ಓಡಿಬಂದರು. ಗುದ್ದಲಿ ಎಸೆಯಿರಿ, ಹಿಂದೆ ಸರಿಯಿರಿ ಎಂದು ಕೂಗಿದರು. ನಾಲ್ಕೂ ಕಡೆ ಗೂಟ ಹೊಡೆದು ಹಗ್ಗ ಕಟ್ಟಿದರು. ಅರ್ಧ ತಾಸಿನಲ್ಲಿ ನಕ್ಷೆ ಬಂತು, ಪೆನ್ಸಿಲು ಬಂತು. ಪೈಪಿನ ದಾರಿ ಎರಡು ಮಾರಲ್ಲ, ಹನ್ನೆರಡು ಮಾರು ಆಚೆ ಸರಿಯಿತು. ಮುರುಕು ಕಲ್ಲಿನ ಸೊಂಟ ಬಾಯಿ ಬಿಟ್ಟು ಕೇಳಿರಲಿಲ್ಲ. ಕೈಮುಗಿದಿರಲಿಲ್ಲ. ಬಾಗಿಲಲ್ಲಿ ನಿಂತಿರಲಿಲ್ಲ.

ಹುಚ್ಚವ್ವ ಮೊದಲು ಉಸಿರು ಬಿಟ್ಟಳು. ಪೈಪು ತಪ್ಪಿತು, ಆ ತಾಯಿ ಯಾರೇ ಇರಲಿ, ನನ್ನ ಕೂಸನ್ನು ಕಾಯ್ದಳು ಎಂದುಕೊಂಡಳು. ಮೌಲಾಬಿಯ ಭುಜ ಹಿಡಿದು ಅತ್ತಳು. ಪಾಪ, ಅವಳಿಗೆ ಹಗ್ಗದ ಅರ್ಥ ಗೊತ್ತಿರಲಿಲ್ಲ.

ಎರಡು ದಿನಕ್ಕೆ ಹಗ್ಗದ ಒಳಗೆಲ್ಲ ಅಗೆಯಲು ಹತ್ತಿದರು. ಉಳಿದ ತುಂಡುಗಳು ಅಲ್ಲೇ ಇರಬೇಕಂತೆ. ಈ ಸಲ ಗುದ್ದಲಿಯಿಲ್ಲ. ಚಾಕು, ಕುಂಚ, ಕೈಸಲಿಕೆ. ಬೆಣ್ಣೆ ತೆಗೆದ ಹಾಗೆ ಮಣ್ಣು ತೆಗೆದು ಬುಟ್ಟಿಗೆ ಹಾಕುತ್ತಿದ್ದರು. ಆ ಬುಟ್ಟಿ ಹೊತ್ತು ಜರಡಿಗೆ ಸುರಿಯುವುದು ಹೆಂಗಸರ ಕೆಲಸ. ಖಾಸಿಂಸಾಬ ಹುಚ್ಚವ್ವನ ಮುಖ ನೋಡದೆ ಹೇಳಿದ:

"ನೀ ಇವತ್ತ ಮನೀಗ್ ಹೋಗ ತಂಗಿ. ಪಗಾರ ನಾ ಹಚ್ಚತೇನಿ."

"ಬ್ಯಾಡಣ್ಣ. ಬ್ಯಾರೇದವ್ರು ಯಾಕ ಹೊರಬೇಕು? ನಾನ ಹೊರತೇನಿ."

ಅವಳು ಹೊತ್ತಳು. ಒಂದು, ಎರಡು, ಹತ್ತು ಬುಟ್ಟಿ. ಬುಟ್ಟಿಯ ಸಂದಿಯಿಂದ ಮಣ್ಣು ಉದುರಿ ಕಣ್ಣ ರೆಪ್ಪೆಗೆ, ತುಟಿಗೆ ಹತ್ತಿತು. ಅವಳು ಒರಸಿಕೊಳ್ಳಲಿಲ್ಲ. ಜರಡಿಯ ಒಂದು ಕಡೆ ಅವಳು, ಇನ್ನೊಂದು ಕಡೆ ಮೌಲಾಬಿ. ಆ ಕಡೆ ಈ ಕಡೆ ತೂಗಬೇಕು. ತೂಗುತ್ತ ತೂಗುತ್ತ ಇಬ್ಬರ ಕೈಗಳೂ ಸಾವಕಾಶವಾದವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರಿಗೂ ತಾವು ಏನು ತೂಗುತ್ತಿದ್ದೇವೆಂದು ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಜರಡಿಯ ಮೇಲೆ ಮೂರು ಕರಿಮಣಿ ಉಳಿದವು. ಬೆರಳಿನ ಉಗುರಿನಷ್ಟು ಎರಡು ಎಲುಬಿನ ಚೂರು ಉಳಿದವು.

ಮೌಲಾಬಿ "ಯಾ ಅಲ್ಲಾ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಹುಚ್ಚವ್ವ ಅಳಲಿಲ್ಲ. ಅವನ್ನು ಎತ್ತಿ, ಜರಡಿಯ ಕೆಳಗಿನ ಮಣ್ಣು ಒಂದು ಬೊಗಸೆ ಕೂಡಿಸಿ, ಸೆರಗಿನಲ್ಲಿ ಗಂಟು ಹಾಕಿ ಎದೆಗೆ ಒತ್ತಿಕೊಂಡಳು. ಎದ್ದು ಗೇಟಿನ ಕಡೆ ನಡೆದಳು. ಪ್ಲಾಟಿನ ಮನೆಯ ಹಿಂದೆ ಗೇಣು ಜಾಗವಿತ್ತು. ಅಲ್ಲಿ ಒಯ್ದು ಮಲಗಿಸಬೇಕು. ಅಷ್ಟೇ ಅವಳ ತಲೆಯಲ್ಲಿದ್ದದ್ದು.

"ಏ, ಸೆರಗಿನಾಗ ಏನಬೇ ಅದು?" ಗೇಟಿನವನು ಕೋಲು ಅಡ್ಡ ಹಿಡಿದ.

"ನಂದು."

"ಇಲ್ಲಿಂದ ಕಲ್ಲಿನ ಚೂರ ಸೈತ ಹೊರಗ ಒಯ್ಯಂಗಿಲ್ಲ. ಹಲಗಿ ಮ್ಯಾಲ ಬರದೈತಿ."

ಕೂಗು ಕೇಳಿ ಸಾಹೇಬರು ಬಂದರು, ಗುಮಾಸ್ತ ಬಂದ, ಅಂದಾನಪ್ಪನ ಹಿಂದೆ ಇದ್ದ ಪ್ರವಾಸಿಗರೂ ಬಂದರು. ಗಂಟು ಬಿಚ್ಚು ಎಂದರು. ಅವಳು ಬಿಚ್ಚಲಿಲ್ಲ. ಪೊಲೀಸರನ್ನು ಕರೆಸಬೇಕಾಗುತ್ತೆ ಎಂದರು. ಬಿಚ್ಚಲಿಲ್ಲ. ಗೇಟಿನವನು ಸೆರಗು ಹಿಡಿದು ಎಳೆದ. ಗಂಟು ಬಿಚ್ಚಿ ಮಣ್ಣು ನೆಲಕ್ಕೆ ಬಿತ್ತು. ಹುಚ್ಚವ್ವ ಕೆಳಗೆ ಬಿದ್ದು ಎರಡೂ ಕೈಯಿಂದ ಬಳಿದುಕೊಂಡಳು. ಅಷ್ಟರಲ್ಲಿ ಸಾಹೇಬರು ಬಗ್ಗಿ ಚಿಮಟದಿಂದ ಮಣಿ ಎತ್ತಿದ್ದರು. ಬಿಸಿಲಿಗೆ ಹಿಡಿದು ನೋಡಿದರು. ಅವರ ಮುಖ ಅರಳಿತು.

"ಮಣಿ! ಇದು ತುಂಬ ಹಳೆಯದಿರಬಹುದು."

"ಹಳೇದಲ್ರಿ" ಎಂದಳು ಹುಚ್ಚವ್ವ ನೆಲದ ಮೇಲಿಂದಲೇ. "ಅಮೀನಗಡದ ಸಂತ್ಯಾಗ ತಂದದ್ದು. ಆಕಿ ಉಡದಾರಕ ನಾನ ಪೋಣಿಸಿದ್ದೆ."

ಸಾಹೇಬರು ಕೇಳಿಸಿಕೊಂಡರೋ ಇಲ್ಲವೋ. ಮಣಿ ಮೂರು, ಎಲುಬು ಎರಡು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹೋದವು. ಚೀಲದ ಮೇಲೆ ನಂಬರು ಬಿತ್ತು. ಗುಮಾಸ್ತ ಕಾಗದ ತುಂಬಿದ. ಕೆಲಸದಾಕೆ ಕದ್ದಳು ಎಂದು ಬರೆದರೆ ಪೊಲೀಸು, ಕೋರ್ಟು. ದೊಡ್ಡವರು ಬರುವ ಹೊತ್ತಿಗೆ ಅದು ಬೇಡ ಎಂದು ಸಾಹೇಬರೇ ದಾರಿ ಹುಡುಕಿದರು. ಸಿಕ್ಕದ್ದನ್ನು ತಾನೇ ತಂದು ಒಪ್ಪಿಸಿದಳು ಎಂದು ಬರೆಯಿರಿ, ಹೆಬ್ಬೆಟ್ಟು ಒತ್ತಿಸಿ, ನಾಳೆಯಿಂದ ಮಾಮೂಲು ಕೆಲಸಕ್ಕೆ ಬರಲಿ ಎಂದರು. ಅವರ ಮಟ್ಟಿಗೆ ಅದು ದೊಡ್ಡ ಉಪಕಾರ.

ಗುಮಾಸ್ತ ಓದಿ ಹೇಳಿದ. "ಸ್ಥಳ, ಬಂಡೆಪ್ಪನ ಗುಡಿಯ ಹಿಂಭಾಗ. ವಸ್ತು, ಮಣಿ ಮೂರು, ಎಲುಬಿನ ಚೂರು ಎರಡು. ಕಾಲ, ತಿಳಿದಿಲ್ಲ. ಸಿಕ್ಕಿದ್ದು, ಕೂಲಿ ಹುಚ್ಚವ್ವಗೆ. ಒತ್ತಬೇ ಇಲ್ಲಿ."

ಮಸಿಯ ಡಬ್ಬಿ ಅವಳ ಮುಂದೆ ಬಂತು. ಅಮಸಿದ್ದಪ್ಪ ಸುದ್ದಿ ಕೇಳಿ ಓಡಿಬಂದಿದ್ದ. ಬೇಲಿಯ ಆಚೆಯಿಂದ ಕಂಬಿ ಹಿಡಿದು ನೋಡುತ್ತಿದ್ದ. ಒಳಗೆ ಬಿಟ್ಟಿರಲಿಲ್ಲ.

ಹುಚ್ಚವ್ವ ಎರಡೂ ಕೈ ಊರಿ ಎದ್ದು ನಿಂತಳು.

"ಸಿಕ್ಕದ್ದಲ್ರಿ. ನಾ ಇಟ್ಟದ್ದು. ಹಂಗ ಬರೀರಿ, ಒತ್ತತೇನಿ."

"ಹಂಗ ಬರ್ಯಾಕ ಬರಂಗಿಲ್ಲಬೇ."

"ಕಾಲ ತಿಳಿದಿಲ್ಲ ಅಂದ್ರಿ. ನನಗ ತಿಳದೈತ್ರಿ. ಬರಕೋರಿ. ಎಳ್ಳಮಾಸಿ ಮುಂದಿನ ಶನಿವಾರ. ಆಕಿ ಜೀವ ಹೋದಾಗ ಹೊತ್ತು ಮುಳುಗಾಕ ಇನ್ನಾ ಒಂದ ಮಾರ ಇತ್ತು. ಮಲಿ ಕುಡದು ಆಗಷ್ಟ ಬಿಟ್ಟಿದ್ಲು. ತುಟಿ ಮ್ಯಾಲಿಂದ ಹಾಲ ನಾ ಇನ್ನಾ ಒರಸಿದ್ದಿಲ್ಲ. ಬರಕೋರಿ. ಯಾಕ ಪೆನ್ನ ನಿಂತೈತಿ? ಬರಕೋರಿ!"

ಪ್ರವಾಸಿಗರಲ್ಲಿ ಒಬ್ಬಳು ಅಂದಾನಪ್ಪನ ಕಡೆ ತಿರುಗಿ ಏನಂತೆ ಎಂದು ಕೇಳಿದಳು. ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುತ್ತಿದ್ದ ಅಂದಾನಪ್ಪ ನೆಲ ನೋಡಿದ.

ಖಾಸಿಂಸಾಬ ಬಂದು ಮೆಲ್ಲಗೆ, "ಒತ್ತಿಬಿಡ ತಂಗಿ, ಕೂಲಿ ಹೋಕ್ಕೈತಿ" ಎಂದ.

"ಹೋಗಲಿ ಅಣ್ಣ. ಒತ್ತಿದ್ರ ಆಕಿ ಹೋಕ್ಕಾಳ."

ಅವಳು ಹೆಬ್ಬೆಟ್ಟನ್ನು ಒಳಗೆ ಮಡಿಚಿ ಮುಷ್ಟಿ ಕಟ್ಟಿದಳು. ಗುಮಾಸ್ತ ಒಮ್ಮೆ ಆ ಮುಷ್ಟಿಯನ್ನು ಹಿಡಿದು ಬಿಡಿಸಲು ನೋಡಿದ. ಏಳು ವರ್ಷ ಬೇರು ಕಿತ್ತ ಕೈ ಅದು. ಬಿಡಿಸಲು ಅವನಿಂದ ಆಗಲಿಲ್ಲ.

ಸಾಹೇಬರು ಗಡಿಯಾರ ನೋಡಿದರು. "ಬಿಡ್ರಿ. ಹೆಬ್ಬೆಟ್ಟು ಇಲ್ಲದಿದ್ದರೂ ನಡೆಯುತ್ತೆ" ಎಂದರು. ಗುಮಾಸ್ತ ಅವಳ ಹೆಸರಿನ ಮೇಲೆ ಗೆರೆ ಎಳೆದು ಸಾಹೇಬರ ಮುಂದಿಟ್ಟ. ಅವರು ಸಹಿ ಹಾಕಿದರು.

ನಾಲ್ಕು ಗಂಟೆಗೆ ಜೀಪು ಹೊರಟಿತು. ಚೀಲ ಮುಂದಿನ ಸೀಟಿನಲ್ಲಿತ್ತು. ಹುಚ್ಚವ್ವ ಕಿಟಕಿ ಹಿಡಿದು, "ಯಾವ ಊರಿಗರ ಒಯ್ಯಾಕತ್ತೀರಿ, ಅಷ್ಟ ಹೇಳ್ರಿ" ಎಂದಳು. ಡ್ರೈವರ್ ಗೇರು ಹಾಕಿದ. ಅವಳು ಹಿಂದೆ ಓಡಿದಳು. ಬಸ್‌ಸ್ಟ್ಯಾಂಡಿನ ತನಕ ಓಡಿದಳು. ಬಾತ ಮಂಡಿ ಅಲ್ಲಿ ಕೈಕೊಟ್ಟಿತು. ಅಮಸಿದ್ದಪ್ಪ ಅವಳನ್ನು ದಾಟಿ ಓಡಿದ. "ಸುರೇಖಾ, ಏ ಸುರೇಖಾ" ಎಂದು ಊರೆಲ್ಲ ಕೇಳುವಂತೆ ಕೂಗುತ್ತ ಅಮೀನಗಡದ ರಸ್ತೆಯಲ್ಲಿ ಓಡಿದ.

ಸುರೇಖಾ ಹುಟ್ಟಿದಂದಿನಿಂದ ಐಹೊಳೆ ಬಿಟ್ಟು ಹೋದದ್ದು ಅದೇ ಮೊದಲು.